ಎದುರುತ್ತರದ ನೋಟ್‌ಬುಕ್: ಇಲ್ಲಿಯವರೆಗೆ ಆದದ್ದು

ಶೋಧನೆ (ಅಂದರೆ ಪಾಪದ ಕಡೆಗೆ ಎಳೆಯುವ ಆಲೋಚನೆ) ಬಂದಾಗ ಅದಕ್ಕೆ ಬೈಬಲ್ ವಾಕ್ಯದಿಂದಲೇ ಎದುರುತ್ತರ ಕೊಡೋಣ ಅಂತ ಒಂದು ನೋಟ್‌ಬುಕ್ ಬರೆಯುತ್ತಿದ್ದೇನೆ. ಕೈಬರಹದಲ್ಲೇ. ಅರ್ಧಕ್ಕಿಂತ ಜಾಸ್ತಿ ಆಗಿದೆ, ಆದರೆ ಶುರುವಿನಲ್ಲಿ ಹಾಕಿದ್ದ ಪ್ಲಾನ್ ಈಗ ಗುರುತು ಸಿಗದಷ್ಟು ಬದಲಾಗಿದೆ. ಅದನ್ನೆಲ್ಲ ಒಂದು ಕಡೆ ಬರೆದಿಡೋಣ ಅಂತ ಕೂತೆ.

ಐಡಿಯಾ ನನ್ನದಲ್ಲ. ನಾಲ್ಕನೇ ಶತಮಾನದಲ್ಲಿ ಇವಾಗ್ರಿಯಸ್ ಅಂತ ಒಬ್ಬ ಕ್ರೈಸ್ತ ಸನ್ಯಾಸಿ ಇದ್ದ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಭಾಸೇವಕನಾಗಿ (ಡೀಕನ್) ಹೆಸರು ಮಾಡಿದ್ದವನು, ಒಬ್ಬ ವಿವಾಹಿತ ಹೆಂಗಸಿನ ಮೇಲೆ ಮನಸ್ಸು ಹೋಯಿತು ಅಂತ ಊರನ್ನೇ ಬಿಟ್ಟು ಜೆರೂಸಲೇಮಿಗೆ ಹೋದ, ಅಲ್ಲಿಂದ ಈಜಿಪ್ಟಿನ ಮರುಭೂಮಿಗೆ ಹೋಗಿ 399ರಲ್ಲಿ ಸಾಯುವವರೆಗೂ ಅಲ್ಲೇ ಉಳಿದ. ಮನುಷ್ಯನ ತಲೆಗೆ ಬರುವ ಕೆಟ್ಟ ಆಲೋಚನೆಗಳನ್ನು ಅವನು ಎಂಟು ಗುಂಪು ಮಾಡಿದ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಜಾರು, ಹೊಗಳಿಕೆಯ ಆಸೆ, ಗರ್ವ. ನಾವು ಕೇಳಿರುವ 'ಏಳು ಮಹಾಪಾಪಗಳು' ಇದೇ ಪಟ್ಟಿಯಿಂದ ಬಂದವು. ಎಂಟನ್ನು ಏಳಕ್ಕೆ ಇಳಿಸಿದ್ದು ಆರನೇ ಶತಮಾನದ ಕೊನೆಯ ಹೊತ್ತಿಗೆ ಪೋಪ್ ಮಹಾ ಗ್ರೆಗೊರಿ. ಈ ಎಂಟಕ್ಕೆ ಎಂಟು ಭಾಗ ಮಾಡಿ, ಒಂದೊಂದು ಆಲೋಚನೆಗೂ ಬೈಬಲ್‌ನಿಂದ ಒಂದೊಂದು ಉತ್ತರ ಹುಡುಕಿ ಇವಾಗ್ರಿಯಸ್ ಒಂದು ಪುಸ್ತಕ ಬರೆದ. ಗ್ರೀಕ್ ಮೂಲ ಕಳೆದುಹೋಗಿದೆ, ಸಿರಿಯಾಕ್ ಮತ್ತು ಅರ್ಮೇನಿಯನ್ ಅನುವಾದಗಳು ಉಳಿದಿವೆ. ಅವನ ಬೇರೆ ಕೆಲವು ಬೋಧನೆಗಳನ್ನು ಸಭೆ (ಚರ್ಚ್) ಆಮೇಲೆ ತಿರಸ್ಕರಿಸಿತು, ಅದು ನನಗೂ ಗೊತ್ತು. ನಾನು ತಗೊಂಡಿದ್ದು ಈ ಒಂದು ವಿಧಾನ ಮಾತ್ರ.

ವಿಧಾನದ ಬೇರು ಇರುವುದು ಬೈಬಲ್‌ನ ಮತ್ತಾಯ 4ರಲ್ಲಿ. ಅಡವಿಯಲ್ಲಿ ಸೈತಾನ ಶೋಧಿಸಿದಾಗ ಯೇಸು ಕೊಟ್ಟ ಮೂರು ಉತ್ತರಗಳೂ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದವು, 6 ಮತ್ತು 8ನೇ ಅಧ್ಯಾಯದವು. ಒಂದೊಂದೂ ಒಂದೇ ಮಾತು. ವಾದ ಇಲ್ಲ, ವಿವರಣೆ ಇಲ್ಲ.

ಪುಟದ ಲೆಕ್ಕ

ಮೊದಲು ಬಲ ಪುಟ ಮಾತ್ರ ಬರೆಯುತ್ತಿದ್ದೆ, ಅಂದರೆ ವಾಕ್ಯಗಳು ಮಾತ್ರ. ಕೋಪಕ್ಕೆ ಇಷ್ಟು, ಹಣದಾಸೆಗೆ ಇಷ್ಟು. ಬರೆದು ನೋಡಿದರೆ ಅದು ಯಾವುದೇ ಬೈಬಲ್‌ನ ಹಿಂದೆ ಇರುವ ವಿಷಯಸೂಚಿಯ ಹಾಗೇ ಕಂಡಿತು. ಹಾಗಾಗಿ ಈಗ ಎಡ ಪುಟವನ್ನೂ ತುಂಬಿಸುತ್ತಿದ್ದೇನೆ. ಅಲ್ಲಿ ಬರೆಯುವುದು ಆಲೋಚನೆಯ ಮಾತನ್ನು, ಅದು ತಲೆಯಲ್ಲಿ ಹೇಗೆ ಕೇಳಿಸಿತೋ ಅದೇ ಪದಗಳಲ್ಲಿ.

ಕೆಲಸದ ರುಚಿ ಹತ್ತಿದ್ದೇ ಇಲ್ಲಿಂದ. ಬಾ, ಪಾಪ ಮಾಡೋಣ ಅಂತ ಯಾವ ಶೋಧನೆಯೂ ಕರೆಯುವುದಿಲ್ಲ. ಅದು ತುಂಬಾ ನ್ಯಾಯವಾಗಿ ಮಾತಾಡುತ್ತದೆ. ನನ್ನ ಎಡ ಪುಟದಿಂದ ಕೆಲವು ಇಲ್ಲಿವೆ. "ಇಷ್ಟೆಲ್ಲ ದುಡಿದವನಿಗೆ ಇಷ್ಟೂ ಬೇಡವಾ?" "ನಾನೇನು ಸುಳ್ಳು ಹೇಳ್ತಿದ್ದೀನಾ? ಇದ್ದದ್ದನ್ನೇ ತಾನೇ ಹೇಳ್ತಿರೋದು." "ಅವರ ಒಳ್ಳೇದಕ್ಕೇ ಸ್ವಲ್ಪ ಖಾರವಾಗಿ ಹೇಳಬೇಕು." "ಮನಸ್ಸಿಲ್ಲದೆ ಪ್ರಾರ್ಥನೆ ಮಾಡಿದರೆ ಅದು ನಾಟಕ ಅಲ್ವಾ, ಮನಸ್ಸು ಬಂದಾಗ ಮಾಡು." "ಹೇಗಿದ್ದರೂ ಆಮೇಲೆ ಕ್ಷಮೆ ಕೇಳ್ತೀಯಲ್ಲ." ಕೊನೆಯದನ್ನು ಬರೆದ ಮೇಲೆ ಸ್ವಲ್ಪ ಹೊತ್ತು ಪೆನ್ನು ಮುಟ್ಟಲಿಲ್ಲ, ಯಾಕಂದರೆ ಅದು ದೇವರ ಕರುಣೆಯನ್ನೇ ಹಿಡಿದು ಪಾಪಕ್ಕೆ ಬಾಗಿಲು ತೆಗೆಯುವ ಮಾತು. ಬಲ ಪುಟದಲ್ಲಿ ರೋಮಾಪುರ 6:1-2 (ಬೈಬಲ್‌ನ ಪುಸ್ತಕ, ಅಧ್ಯಾಯ, ವಚನ) ಹಾಕಿದೆ. ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವಾ ಅನ್ನುವ ಪ್ರಶ್ನೆಯನ್ನು ಅಪೊಸ್ತಲ ಪೌಲ ತಾನೇ ಎತ್ತಿ ತಾನೇ ಹೊಡೆದುಹಾಕುವ ಜಾಗ ಅದು.

ವಾಕ್ಯ ಗೊತ್ತಿದ್ದರೆ ಸಾಕು, ಸುರಕ್ಷಿತವಾಗಿರಬಹುದು ಅನ್ನುವ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ನನಗೆ ಒಪ್ಪಿಗೆ ಇಲ್ಲ. ಯೇಸುವನ್ನು ಶೋಧಿಸುವಾಗ ದೇವಾಲಯದ ತುದಿಯಲ್ಲಿ ನಿಂತು ಬೈಬಲ್‌ನ 91ನೇ ಕೀರ್ತನೆಯನ್ನು ಎತ್ತಿ ಹೇಳಿದ್ದು ಸೈತಾನನೇ. ವಾಕ್ಯ ಅವನಿಗೂ ಬಾಯಿಪಾಠ. ಅದಕ್ಕೇ ಎಡ ಪುಟ ಬೇಕು: ಯಾವ ಮಾತಿಗೆ ಉತ್ತರ ಕೊಡುತ್ತಿದ್ದೇನೆ ಅಂತ ಗೊತ್ತಿಲ್ಲದೆ ವಾಕ್ಯ ಹೇಳಿದರೆ ಅದು ಮಂತ್ರ ಹೇಳಿದ ಹಾಗೆ.

ಕೋಪದ ಭಾಗ

ಎಲ್ಲಕ್ಕಿಂತ ಬೇಗ ತುಂಬಿದ್ದು ಇದೇ. ಆಶ್ಚರ್ಯ ಏನಿಲ್ಲ. ಸಾಧಾರಣವಾಗಿ ಎಲ್ಲರೂ ಎಫೆಸ 4:26 ಹೇಳುತ್ತಾರೆ, ಸೂರ್ಯ ಮುಳುಗುವ ಮುಂಚೆ ಕೋಪ ತೀರಲಿ ಅಂತ, ಆದರೆ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಅದರ ಮುಂದಿನ 27ನೇ ವಚನ, ಸೈತಾನನಿಗೆ ಅವಕಾಶ ಕೊಡಬೇಡಿ ಅನ್ನುವುದು. ಎರಡನ್ನೂ ಪೌಲ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ರಾತ್ರಿ ಇಟ್ಟುಕೊಂಡು ಮಲಗಿದ ಕೋಪ ಬೆಳಗ್ಗೆ ಅಷ್ಟೇ ಇರುವುದಿಲ್ಲ. ನಾವು ಮಲಗಿರುವಾಗ ಅದು ಸಾಕ್ಷಿ ಪುರಾವೆ ಎಲ್ಲ ಜೋಡಿಸಿಕೊಂಡಿರುತ್ತದೆ.

ಮೆಸೇಜ್ ಟೈಪ್ ಮಾಡುವಾಗಿನ ಕೋಪಕ್ಕೆ ಪ್ರತ್ಯೇಕ ಪುಟ ಇಟ್ಟಿದ್ದೇನೆ. ಎದುರಿಗೆ ಮುಖ ಇಲ್ಲದಿರುವಾಗ ನಾಲಿಗೆಗಿಂತ ಬೆರಳು ಮೊನಚು. ಅಲ್ಲಿ ಮೃದುವಾದ ಉತ್ತರ ಸಿಟ್ಟನ್ನು ಇಳಿಸುತ್ತದೆ ಅನ್ನುವ ಜ್ಞಾನೋಕ್ತಿ 15:1 ಮತ್ತು ಯಾಕೋಬ 1:20. ಎರಡನೆಯದು, ಮನುಷ್ಯನ ಕೋಪದಿಂದ ದೇವರ ನೀತಿ ನೆರವೇರುವುದಿಲ್ಲ ಅನ್ನುವುದು, 'ಸತ್ಯಕ್ಕಾಗಿ ಜಗಳ ಆಡುತ್ತಿದ್ದೇನೆ' ಅನ್ನುವ ಹುಮ್ಮಸ್ಸಿಗೆ ಸರಿಯಾದ ಮದ್ದು. ಅದರಲ್ಲೂ ದೇವರ ವಿಷಯಕ್ಕೇ ನಡೆಯುವ ವಾದಗಳಲ್ಲಿ.

ಕಾಮದ ಭಾಗದಲ್ಲಿ ಪ್ಲಾನ್ ಮುರಿದುಬಿತ್ತು

ಇಲ್ಲಿ ಎದುರುತ್ತರದ ವಿಧಾನವೇ ಸರಿಹೊಂದಲಿಲ್ಲ. ವಾಕ್ಯ ಹುಡುಕುತ್ತಾ ಹೋದರೆ ಎಲ್ಲ ಕಡೆಯೂ ಒಂದೇ ಮಾತು: ಓಡು. 1 ಕೊರಿಂಥ 6:18 ಓಡಿಹೋಗಿ ಅನ್ನುತ್ತದೆ, 2 ತಿಮೊಥೆ 2:22 ಅದನ್ನೇ ಹೇಳುತ್ತದೆ. ಆದಿಕಾಂಡ 39ರ ಯೋಸೇಫ, ಯಜಮಾನನ ಹೆಂಡತಿ ಕರೆದಾಗ, ಮೊದಲು ಬಾಯಲ್ಲಿ ಉತ್ತರ ಕೊಟ್ಟ, ಅವಳು ಬಟ್ಟೆ ಹಿಡಿದ ದಿನ ಮಾತ್ರ ಬಟ್ಟೆ ಅಲ್ಲೇ ಬಿಟ್ಟು ಹೊರಗೆ ಓಡಿದ. ಯಾಕೋಬ 4:7 ಸೈತಾನನನ್ನು ಎದುರಿಸಿ, ಅವನು ಓಡಿಹೋಗುತ್ತಾನೆ ಅನ್ನುತ್ತದೆ. ಅಂದರೆ ಕೆಲವು ಕಡೆ ಅವನು ಓಡಬೇಕು, ಕೆಲವು ಕಡೆ ನಾವು ಓಡಬೇಕು. ಎಲ್ಲಿ ಯಾವುದು ಅಂತ ತಿಳಿಯುವುದೇ ಅರ್ಧ ಕೆಲಸ.

ಹಾಗಾಗಿ ಈ ಭಾಗದ ಬಲ ಪುಟದಲ್ಲಿ ವಾಕ್ಯ ಕಡಿಮೆ, ಮಾಡಬೇಕಾದ ಕೆಲಸ ಜಾಸ್ತಿ. ಫೋನ್ ಬೇರೆ ಕೋಣೆಯಲ್ಲಿಡು. ಎದ್ದು ಜನ ಇರುವ ಕಡೆ ಹೋಗು. ಒಬ್ಬರಿಗೆ ಫೋನ್ ಮಾಡು. ಇಲ್ಲಿ ನಿಂತು ಮಾತಾಡಿದಷ್ಟೂ ಸೋಲು ಹತ್ತಿರ; ಬೈಬಲ್‌ನ ಮೊದಲ ಹೆಂಗಸು ಹವ್ವಳಿಗೂ ಸರ್ಪ ಮೊದಲು ಕೊಟ್ಟದ್ದು ಹಣ್ಣಲ್ಲ, ಒಂದು ಪ್ರಶ್ನೆ. ಅವಳು ಉತ್ತರ ಕೊಟ್ಟಳು, ಅದೂ ಹೆಚ್ಚುಕಡಿಮೆ ಸರಿಯಾದ ಉತ್ತರವೇ, ಆದರೂ ಮಾತುಕತೆ ಮುಂದುವರಿಯಿತು.

ಬೇಜಾರಿನ ಭಾಗ

ನನ್ನ ಮಟ್ಟಿಗೆ ಇಡೀ ನೋಟ್‌ಬುಕ್‌ನ ಹೃದಯ ಇದು. ಇವಾಗ್ರಿಯಸ್ ಇದನ್ನು ಮಧ್ಯಾಹ್ನದ ಪಿಶಾಚಿ ಅಂತ ಕರೆದ. ಆ ಹೆಸರು ಬಂದದ್ದೂ ಗ್ರೀಕ್ ಬೈಬಲ್‌ನ ಅದೇ 91ನೇ ಕೀರ್ತನೆಯಿಂದ, 6ನೇ ವಚನದಿಂದ. ಅವನು ಕೊಡುವ ಚಿತ್ರ ಓದಿದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಬೆಳಗ್ಗೆ ಸುಮಾರು 10 ಗಂಟೆಯಿಂದ ಮಧ್ಯಾಹ್ನ 2ರವರೆಗೆ ಇದರ ಹೊತ್ತು. ಸೂರ್ಯ ಕದಲುತ್ತಲೇ ಇಲ್ಲ, ದಿನಕ್ಕೆ 50 ಗಂಟೆ ಇದೆ ಅನ್ನಿಸುತ್ತದೆ. ಸನ್ಯಾಸಿ ಪದೇ ಪದೇ ಕಿಟಕಿ ಕಡೆ ನೋಡುತ್ತಾನೆ, ಯಾರಾದರೂ ಬರುತ್ತಾರಾ ಅಂತ ಇಣುಕುತ್ತಾನೆ. ಆಮೇಲೆ ಈ ಜಾಗವೇ ಸರಿಯಿಲ್ಲ, ಈ ಕೆಲಸವೇ ಸರಿಯಿಲ್ಲ, ಇಲ್ಲಿ ಯಾರಿಗೂ ಪ್ರೀತಿ ಇಲ್ಲ, ಬೇರೆ ಎಲ್ಲಾದರೂ ಹೋದರೆ ದೇವರನ್ನು ಚೆನ್ನಾಗಿ ಸೇವಿಸಬಹುದು ಅಂತ ಶುರು.

ಆ ಕಿಟಕಿ ಈಗ ನಮ್ಮ ಜೇಬಿನಲ್ಲಿದೆ. ಸುಮ್ನೆ ಸ್ಕ್ರೋಲ್ ಮಾಡುವುದನ್ನು ನಾನು ಮೊದಲು ಹೊಟ್ಟೆಬಾಕತನದ ಭಾಗಕ್ಕೆ ಹಾಕೋಣ ಅಂತಿದ್ದೆ, ಯಾಕಂದರೆ ಸಾಕು ಅನ್ನಿಸುವುದೇ ಇಲ್ಲ. ಆದರೆ ಗಮನಿಸಿ ನೋಡಿದರೆ ಕೈ ಫೋನಿಗೆ ಹೋಗುವುದು ಏನೋ ಬೇಕು ಅಂತಲ್ಲ, ಮುಂದಿರುವ ಕೆಲಸ ಬೇಡ ಅಂತ. ಹಾಗಾಗಿ ಇಲ್ಲಿಗೇ ತಂದೆ. ಈ ಭಾಗದ ಎಡ ಪುಟದಲ್ಲಿ ಒಂದು ಮಾತು ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ: "ಇದಲ್ಲ, ಬೇರೆ ಏನೋ." ಈ ಸಭೆ ಅಲ್ಲ, ಬೇರೆ ಸಭೆ. ಈ ಪ್ರಾರ್ಥನೆ ಕ್ರಮ ಅಲ್ಲ, ಇನ್ನೊಂದು. (ಈ ನೋಟ್‌ಬುಕ್ ಅಲ್ಲ, ಇನ್ನೂ ಚೆಂದದ ನೋಟ್‌ಬುಕ್ ತಗೊಂಡು ಮೊದಲಿಂದ ಶುರು ಮಾಡು. ಇದೂ ಬಂದಿದೆ, ಬರೆದಿಟ್ಟಿದ್ದೇನೆ.)

ಉತ್ತರ ಕೀರ್ತನೆ 42:5. ನನ್ನ ಮನವೇ, ಯಾಕೆ ಕುಗ್ಗಿದ್ದೀಯ ಅಂತ ಕೀರ್ತನೆಗಾರ ತನ್ನ ಜೊತೆ ತಾನೇ ಮಾತಾಡುವ ವಚನ. ಇಲ್ಲಿ ಇವಾಗ್ರಿಯಸ್‌ನ ಇನ್ನೊಂದು ಜಾಣತನ ಹೇಳಬೇಕು. ಅವನ ಉತ್ತರಗಳೆಲ್ಲ ಪಿಶಾಚಿಗೇ ಹೇಳಿದ್ದಲ್ಲ. ಕೆಲವು ದೇವರಿಗೆ, ಕೆಲವು ಸ್ವಂತ ಆತ್ಮಕ್ಕೆ. ಅದನ್ನು ನೋಡಿದ ಮೇಲೆ ನಾನೂ ಪ್ರತಿ ಉತ್ತರದ ಪಕ್ಕ ಯಾರಿಗೆ ಅಂತ ಒಂದು ಗುರುತು ಹಾಕುತ್ತಿದ್ದೇನೆ. ಸೈತಾನನಿಗೆ ಹೇಳಿದ್ದು ನಾನು ಊಹಿಸಿದ್ದಕ್ಕಿಂತ ಎಷ್ಟೋ ಕಡಿಮೆ. ನನ್ನ ಮನಸ್ಸಿಗೇ ಹೇಳಬೇಕಾದದ್ದು ಜಾಸ್ತಿ.

ಎಲ್ಲವನ್ನೂ ಸೈತಾನನ ತಲೆಗೆ ಕಟ್ಟುವ ಬಗ್ಗೆ

ಆ ಗುರುತುಗಳಿಂದಲೇ ಈ ವಿಷಯ ಬಂತು. ನಾನು ದುಷ್ಟನು ನಿಜವಾಗಿ ಇದ್ದಾನೆ ಅಂತ ನಂಬುತ್ತೇನೆ. 1 ಪೇತ್ರ 5:8ರ ಗರ್ಜಿಸುವ ಸಿಂಹ ಬರೀ ಅಲಂಕಾರ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಗಾಡಿ ಕೆಟ್ಟರೆ ಸೈತಾನ, ನಿದ್ದೆ ಬಾರದಿದ್ದರೆ ಸೈತಾನ, ಯಾರೋ ನಮ್ಮ ಮಾತು ಒಪ್ಪದಿದ್ದರೆ ಅವರೊಳಗೆ ಸೈತಾನ ಅನ್ನುವುದು ಬೇರೆಯೇ ಒಂದು ಶೋಧನೆ. ಯಾಕೋಬ 1:14 ತಪ್ಪಿಸಿಕೊಳ್ಳಲು ಬಿಡುವುದಿಲ್ಲ, ಪ್ರತಿಯೊಬ್ಬನನ್ನೂ ಎಳೆಯುವುದು ಅವನವನ ಸ್ವಂತ ಆಸೆ ಅನ್ನುತ್ತದೆ. ಎಫೆಸ 6:12ರ ಪ್ರಕಾರ ನಮ್ಮ ಹೋರಾಟ ಮನುಷ್ಯರ ಜೊತೆ ಅಲ್ಲ. ಎದುರಿಗಿರುವ ಮನುಷ್ಯನನ್ನೇ ಪಿಶಾಚಿ ಮಾಡಿಬಿಟ್ಟರೆ ಆ ವಚನವನ್ನು ತಲೆಕೆಳಗು ಮಾಡಿದ ಹಾಗಾಯಿತು.

ದುಃಖದ ಭಾಗದಲ್ಲಿ ಇದು ಇನ್ನೂ ಮುಖ್ಯ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾಯಬೇಕು ಅಂತ ಮಲಗಿದಾಗ ದೇವದೂತ ಬಂದು ಗದರಿಸಲಿಲ್ಲ, ಬೋಧನೆಯನ್ನೂ ಮಾಡಲಿಲ್ಲ. ಊಟ ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎಬ್ಬಿಸಿ ಮತ್ತೆ ಊಟ ಕೊಟ್ಟ. ಆ ಪುಟದ ಬಲಗಡೆ ದೊಡ್ಡ ಅಕ್ಷರದಲ್ಲಿ 'ಮೊದಲು ನಿದ್ದೆ' ಅಂತಿದೆ. ವಾರಗಟ್ಟಲೆ ಬಿಡದ ಕತ್ತಲೆ, ಬದುಕೇ ಬೇಡ ಅನ್ನಿಸುವುದು, ಇದಕ್ಕೆ ನೋಟ್‌ಬುಕ್ ಸಾಲದು, ಡಾಕ್ಟರ್ ಬೇಕು. ನಂಬಿಕೆ ಕಡಿಮೆ ಇರುವುದಕ್ಕೇ ಹೀಗೆ ಅಂತ ಅಂಥವರಿಗೆ ಹೇಳುವವರ ಮೇಲೆ ನನಗೆ ಸಿಟ್ಟಿದೆ. (ಕೋಪದ ಭಾಗಕ್ಕೆ ಇನ್ನೊಂದು ಸಾಲು.)

ಇದೇ ಜಾಗದಲ್ಲಿ ಬರೆದುಕೊಂಡಿರುವ ಇನ್ನೊಂದು ಮಾತೂ ಇವಾಗ್ರಿಯಸ್‌ನದೇ: ಆಲೋಚನೆಗಳು ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ, ಅವು ಒಳಗೆ ಉಳಿಯುತ್ತವಾ ಅನ್ನುವುದು ನಮ್ಮ ಕೈಯಲ್ಲಿದೆ. ಬಂದದ್ದಕ್ಕೇ ತಾನು ಕೆಟ್ಟವನು ಅಂದುಕೊಂಡು ನರಳುವವರಿಗೆ ಇದು ದೊಡ್ಡ ಬಿಡುಗಡೆ. ಯೇಸುವಿಗೂ ಶೋಧನೆ ಬಂತು, ಪಾಪ ಬರಲಿಲ್ಲ, ಇಬ್ರಿಯ 4:15.

ಹೊಸದಾಗಿ ಸೇರಿಸಿದ್ದು

ಜೆಸ್ವಿಟ್ ಅನ್ನುವ ಕ್ರೈಸ್ತ ಸಂಘ ಶುರು ಮಾಡಿದ ಇಗ್ನೇಷಿಯಸ್ ಲೊಯೋಲಾ ತನ್ನ ಆಧ್ಯಾತ್ಮಿಕ ಅಭ್ಯಾಸಗಳ ಪುಸ್ತಕದಲ್ಲಿ (ಅಚ್ಚಾದದ್ದು 1548ರಲ್ಲಿ) ಗೆರೆ ಎಳೆದು ಚುಕ್ಕೆ ಇಡುವ ಒಂದು ಕ್ರಮ ಕೊಡುತ್ತಾನೆ. ದಿನಕ್ಕೆ ಎರಡು ಗೆರೆ, ತಪ್ಪಿಗೆ ಬಿದ್ದಾಗೆಲ್ಲ ಒಂದು ಚುಕ್ಕೆ, ವಾರ ಮುಂದೆ ಹೋದ ಹಾಗೆ ಗೆರೆ ಗಿಡ್ಡ. ಒಂದು ಸಲಕ್ಕೆ ಒಂದೇ ದೋಷ. ನಾನು ಕೋಪಕ್ಕೆ ಮಾತ್ರ ಇದನ್ನು ಇಟ್ಟುಕೊಂಡಿದ್ದೇನೆ, ಉಳಿದದ್ದಕ್ಕೆ ಬೇಡ.

ಅವನ ಇನ್ನೆರಡು ಸೂಚನೆಗಳು ಹೆಚ್ಚು ಉಪಯೋಗಕ್ಕೆ ಬಂದವು. ಒಂದು, ಮನಸ್ಸು ಕತ್ತಲಾಗಿರುವಾಗ ಹಿಂದೆ ಮಾಡಿದ ತೀರ್ಮಾನವನ್ನು ಬದಲಾಯಿಸಬೇಡ. ಇದನ್ನು ಬೇಜಾರಿನ ಭಾಗದ ಮೊದಲ ಪುಟದಲ್ಲೇ ಅಂಟಿಸಿದೆ. ಇನ್ನೊಂದು, ಶತ್ರುವಿಗೆ ಬೇಕಾದದ್ದು ಗುಟ್ಟು, ವಿಷಯವನ್ನು ನಂಬಿಕೆಯ ಒಬ್ಬರ ಮುಂದೆ ಹೇಳಿಬಿಟ್ಟರೆ ಅವನ ಆಟ ಕೆಡುತ್ತದೆ. ಇದು ಓದಲು ಸುಲಭ, ಮಾಡಲು ಕಷ್ಟ. ಪಾಪನಿವೇದನೆಗೆ (ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳಲು) ಹೋಗುವವರಿಗೆ ಒಂದು ದಾರಿ ಇದೆ; ಹೋಗದವರೂ, ಪಾಪಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳಿ ಅನ್ನುವ ಯಾಕೋಬ 5:16ನ್ನು ಹಾರಿಸಿ ಓದುವ ಹಾಗಿಲ್ಲ. ಎಡ ಪುಟಗಳನ್ನು ಒಬ್ಬ ಹಿರಿಯ ಸ್ನೇಹಿತರಿಗೆ ತೋರಿಸಿದೆ. ಅವರು ಓದಿ, "ಇದೆಲ್ಲ ನನ್ನ ತಲೆಯಲ್ಲೂ ಇದೆಯಲ್ಲಪ್ಪಾ, ನೀನು ಯಾವಾಗ ಕೇಳಿಸಿಕೊಂಡೆ?" ಅಂದರು.

ಬಾಕಿ ಇರುವುದು

ಹಣದಾಸೆಯ ಭಾಗ ಅರ್ಧ ಆಗಿದೆ, ಇರುವುದರಲ್ಲೇ ತೃಪ್ತರಾಗಿರಿ ಅನ್ನುವ ಇಬ್ರಿಯ 13:5ರ ಸುತ್ತಲೇ ತಿರುಗುತ್ತಿದೆ. ಹೊಗಳಿಕೆಯ ಆಸೆಯ ಭಾಗ ಮುಂದೆ ಹೋಗುತ್ತಿಲ್ಲ. ಈ ಶೋಧನೆ ಬೇರೆಯವು ಸೋತ ಮೇಲೆ ಬರುತ್ತದೆ, ಗೆದ್ದದ್ದನ್ನೇ ಹಿಡಿದುಕೊಂಡು. ಬಚ್ಚಿಟ್ಟರೆ ಎಷ್ಟು ವಿನಯ ಅನ್ನುತ್ತದೆ, ಬರೆದರೆ ಎಷ್ಟು ಪ್ರಾಮಾಣಿಕ ಅನ್ನುತ್ತದೆ, ಈ ಪ್ಯಾರಾ ಬರೆಯುವಾಗಲೂ ಏನೋ ಅನ್ನುತ್ತಿದೆ. ಸದ್ಯಕ್ಕೆ ಮತ್ತಾಯ 6:3 ಒಂದೇ ಇದೆ ಅಲ್ಲಿ, ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅನ್ನುವುದು. ಗರ್ವದ ಭಾಗದಲ್ಲಿ ಹೆಸರು ಬಿಟ್ಟರೆ ಏನೂ ಇಲ್ಲ.

ಭಾಗಗಳ ನಡುವೆ ಖಾಲಿ ಹಾಳೆ ಬಿಡುತ್ತಿದ್ದೇನೆ. ಲೂಕ 4:13ರ ಪ್ರಕಾರ ಸೈತಾನ ಯೇಸುವನ್ನು ಬಿಟ್ಟುಹೋದದ್ದು ಸ್ವಲ್ಪ ಕಾಲಕ್ಕೆ ಮಾತ್ರ, ಹಾಗಾಗಿ ಹೊಸ ಮಾತುಗಳು ಬರುತ್ತವೆ ಅಂತಲೇ ಲೆಕ್ಕ. ಮುಂದಿನ ಕೆಲಸ ಹೊತ್ತಿನ ಪ್ರಕಾರ ಒಂದು ಸೂಚಿ ಮಾಡುವುದು: ಎದ್ದ ಕೂಡಲೇ, ಕೆಲಸದ ನಡುವೆ, ಎಲ್ಲರೂ ಮಲಗಿದ ಮೇಲೆ. ರಾತ್ರಿಯದ್ದು ಮೊದಲು ಮಾಡುತ್ತೇನೆ, ಅಲ್ಲಿ ನಮೂದುಗಳು ಜಾಸ್ತಿ.