ಮಂದ್ರದ ಚುಕ್ಕೆ

ಧಾರವಾಡ, 12 ಫೆಬ್ರವರಿ 2025, ಬುಧವಾರ

ಮಾರ್ಚ್ 5ಕ್ಕೆ ಸರಿಯಾಗಿ ಮೂರು ವಾರ ಉಳಿದಿದೆ. ಅಂದು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಜನ್ಮದಿನ. 1913ರಲ್ಲಿ ಅವರು ಹುಟ್ಟಿದ್ದು ಇದೇ ಊರಿನಲ್ಲಿ. ನಮ್ಮ ತರಗತಿಯ ಸಂಗೀತ ಪತ್ರಿಕೆ ‘ಷಡ್ಜ’ದ ಸಂಚಿಕೆಯನ್ನು ಅವರಿಗೇ ಮೀಸಲಿಟ್ಟು ಅಂದೇ ಹೊರತರಬೇಕೆಂದು ನಾವು ಮೂವರು ಹಟ ಹಿಡಿದು ಕೂತಿದ್ದೇವೆ. ಷಡ್ಜವೆಂದರೆ ಸಪ್ತಸ್ವರಗಳಲ್ಲಿ ಮೊದಲನೆಯದು, ‘ಸ’. ಬರಹಗಳು ಬಹುಮಟ್ಟಿಗೆ ಕೈಸೇರಿವೆ. ವಿನ್ಯಾಸ ನನ್ನ ಪಾಲಿಗೆ ಬಂದಿದೆ. ಅದು ನಿನ್ನೆಯವರೆಗೂ ಕುದುರಿರಲಿಲ್ಲ. ಇವತ್ತು ಕುದುರಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಹೋದ ವಾರವೆಲ್ಲ ನಾನು ಮಾಡಿದ್ದು ಹೊರಗಿನ ಪತ್ರಿಕೆಗಳನ್ನು ನೋಡುವ ಕೆಲಸ. 1967ರ ನವೆಂಬರಿನಲ್ಲಿ ಹೊರಟ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಮೊದಲ ಮುಖಪುಟದಲ್ಲಿ ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್ ಸಿಪಾಯಿಯ ಶಿರಸ್ತ್ರಾಣ ತೊಟ್ಟು ನಿಂತಿದ್ದಾರೆ. ತೊಂಬತ್ತರ ದಶಕದ ‘ರೇ ಗನ್’ ಸಂಗೀತ ಪತ್ರಿಕೆಯಲ್ಲಿ ವಿನ್ಯಾಸಕ ಡೇವಿಡ್ ಕಾರ್ಸನ್ ಒಂದು ಸಂದರ್ಶನ ನೀರಸವೆನಿಸಿತೆಂದು ಅದನ್ನು ಪೂರ್ತಿಯಾಗಿ ಚಿಹ್ನೆಗಳ ಫಾಂಟಿನಲ್ಲಿ ಅಚ್ಚು ಹಾಕಿಸಿದ್ದರು. ಆ ಧೈರ್ಯ ದೊಡ್ಡದು, ಆದರೆ ಓದುಗರಿಂದ ಓದನ್ನೇ ಕಸಿದುಕೊಳ್ಳುವ ವಿನ್ಯಾಸ ನನಗೆ ಒಪ್ಪಿಗೆಯಾಗಲಿಲ್ಲ. ಮನಸ್ಸಿಗೆ ನಾಟಿದ್ದು ಬ್ಲೂ ನೋಟ್ ಎಂಬ ಜಾಝ್ ಕಂಪನಿಯ ರೆಕಾರ್ಡ್ ಹೊದಿಕೆಗಳು. ಫ್ರಾನ್ಸಿಸ್ ವುಲ್ಫ್ ತೆಗೆದ ಕಪ್ಪುಬಿಳುಪು ಚಿತ್ರ, ರೀಡ್ ಮೈಲ್ಸ್ ಜೋಡಿಸಿದ ದಪ್ಪ ಅಕ್ಷರ, ಎಷ್ಟೋ ಹೊದಿಕೆಗಳಲ್ಲಿ ಕಪ್ಪಿನ ಜೊತೆಗೆ ಒಂದೇ ಒಂದು ಬಣ್ಣ. ನಾವು ಕೂಡಿಸಿದ ವಂತಿಗೆಗೆ ದಕ್ಕುವುದೂ ಎರಡೇ ಬಣ್ಣ. ಹಾಗಾಗಿ ಅವುಗಳನ್ನು ಎದುರಿಗಿಟ್ಟುಕೊಂಡು ಗಂಟೆಗಟ್ಟಲೆ ನೋಡಿದೆ. ನಮ್ಮ ತರಗತಿಯ ಮೇಡಂ ಮನೆಯಿಂದ ತಂದುಕೊಟ್ಟ ‘ಶ್ರುತಿ’ಯ ಹಳೆಯ ಸಂಚಿಕೆಗಳನ್ನೂ ತಿರುವಿ ಹಾಕಿದೆ. 1983ರಲ್ಲಿ ಚೆನ್ನೈಯಲ್ಲಿ ಶುರುವಾದ ಪತ್ರಿಕೆ ಅದು. ಹಾಡುವವರ ಬಗ್ಗೆ ಅಷ್ಟು ಗೌರವದಿಂದ, ಅಷ್ಟೇ ನಿಷ್ಠುರವಾಗಿಯೂ ಬರೆಯಬಹುದು ಎಂಬುದನ್ನು ಅಲ್ಲಿ ಕಲಿತೆ.

ಇಷ್ಟೆಲ್ಲ ನೋಡಿದ ಮೇಲೆ ಒಂದು ಮುಖಪುಟ ಮಾಡಿದೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಕಲಾವಿದರ ತಲೆ ಪತ್ರಿಕೆಯ ಹೆಸರಿನ ಮೇಲೆ ತುಸು ಏರಿ ನಿಲ್ಲುತ್ತದಲ್ಲ, ಹಾಗೆ. ಅವರ ದಪ್ಪಕ್ಷರಗಳ ಕೆಳಭಾಗ ಮುಚ್ಚಿದರೂ ಓದಲು ಅಡ್ಡಿಯಿಲ್ಲ. ನಮ್ಮ ‘ಷಡ್ಜ’ದಲ್ಲಿ ಜಕಾರದ ಒತ್ತು ತೂಗುವುದು ಸರಿಯಾಗಿ ತಲೆ ಬಂದು ಕೂರುವ ಜಾಗದಲ್ಲೇ. ಒತ್ತು ಮುಚ್ಚಿಹೋಗಿ ಉಳಿದದ್ದು ‘ಷಡ’. ಒಳಪುಟಗಳಲ್ಲೂ ಇದೇ ಪಾಡು. ಇಂಗ್ಲಿಷಿನ ಸಾಲಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಚುಚ್ಚುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ನಮ್ಮಲ್ಲಿಲ್ಲದ ಕಾರಣ ಅವರು ಶೀರ್ಷಿಕೆಯನ್ನು ಎದ್ದು ಕಾಣಿಸುವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಇನ್ನು ಗಂಗೂಬಾಯಿಯವರ ಒಳ್ಳೆಯ ಭಾವಚಿತ್ರಗಳೆಲ್ಲ ಬೇರೆಯವರು ತೆಗೆದವು. ಅನುಮತಿ ಕೇಳದೆ ಬಳಸಲು ನನಗೆ ಮನಸ್ಸಿಲ್ಲ. ಮುಖಪುಟಕ್ಕೆ ಮುಖವೇ ಇಲ್ಲವಾಯಿತು.

ಇವತ್ತು ಬೆಳಿಗ್ಗೆ ಅಜ್ಜಿ ತಮ್ಮ ಟ್ರಂಕಿನಿಂದ ಒಂದು ನೋಟುಪುಸ್ತಕ ತೆಗೆದುಕೊಟ್ಟರು. ಹುಡುಗಿಯಾಗಿದ್ದಾಗ ಹಾರ್ಮೋನಿಯಂ ಕಲಿಯುತ್ತ ಬರೆದಿಟ್ಟುಕೊಂಡದ್ದು. ರಟ್ಟು ಕಿತ್ತುಬಂದಿದೆ, ಅಂಚುಗಳು ಕಂದಿವೆ. ಭೂಪ ರಾಗ, ತ್ರಿತಾಲ. ಪುಟಕ್ಕೆ ನಾಲ್ಕು ಉದ್ದ ಮನೆಗಳು, ಮನೆಗೆ ತಾಳದ ನಾಲ್ಕು ಎಣಿಕೆ, ಅಂದರೆ ಮಾತ್ರೆ, ಒಟ್ಟು ಹದಿನಾರು. ಸ್ವರಗಳು ನೀಲಿ ಶಾಯಿಯಲ್ಲಿ, ಚುಕ್ಕೆಗಳು ಮಾತ್ರ ಕೆಂಪು ಶಾಯಿಯಲ್ಲಿ. ಸ್ವರದ ಮೇಲೆ ಚುಕ್ಕೆಯಿದ್ದರೆ ತಾರ ಸಪ್ತಕ, ಅಂದರೆ ಎತ್ತರದ ದನಿ; ಕೆಳಗಿದ್ದರೆ ಮಂದ್ರ, ಅಂದರೆ ತಗ್ಗಿನ ದನಿ. ತಾಳದ ಮೊದಲ ಪೆಟ್ಟಾದ ಸಮಕ್ಕೆ ಗುಣಿಸುವ ಗುರುತು, ಪೆಟ್ಟಿಲ್ಲದೆ ಕೈ ಬೀಸುವ ಖಾಲಿಗೆ ಸೊನ್ನೆ. ಒಂದು ಕಡೆ ‘ಸ’ದ ಕೆಳಗಿನ ಕೆಂಪು ಚುಕ್ಕೆ ಹಿಂದಿನ ಪುಟಕ್ಕೂ ಇಂಗಿ ಅಲ್ಲಿ ತಿಳಿಗುಲಾಬಿಯಾಗಿತ್ತು.

ಎರಡು ಬಣ್ಣ, ಅಚ್ಚುಕಟ್ಟಾದ ಮನೆಗಳು, ಉಸಿರಾಡಲು ಜಾಗ. ವಾರವಿಡೀ ನಾನು ಬೇರೆ ಬೇರೆ ದೇಶಗಳಲ್ಲಿ ಹುಡುಕಿದ್ದೆಲ್ಲ ಆ ಪುಟದಲ್ಲಿತ್ತು. ನನಗೆ ಮೈ ಜುಮ್ಮೆಂದಿತು.

ನಮ್ಮ ಪತ್ರಿಕೆಯದೂ ಹದಿನಾರು ಪುಟ. ನಾಲ್ಕು ಹಾಳೆಗಳನ್ನು ನಡುವೆ ಮಡಿಸಿ ಪಿನ್ ಹೊಡೆದರೆ ಹಾಳೆಗೆ ನಾಲ್ಕರಂತೆ ಹದಿನಾರು. ತ್ರಿತಾಲದ ಲೆಕ್ಕವೂ ಅದೇ ಅಲ್ಲವೇ ಎಂದು ಬೆರಳು ಮಡಿಚಿ ಎಣಿಸುತ್ತ ಹೋದೆ. ನಡುಪುಟಗಳು ಎಂಟು ಮತ್ತು ಒಂಬತ್ತು. ತ್ರಿತಾಲದ ಖಾಲಿ ಬೀಳುವುದು ಒಂಬತ್ತನೇ ಮಾತ್ರೆಯಲ್ಲಿ! ಅಜ್ಜಿಗೆ ತೋರಿಸಿದೆ. ಅವರು ತೊಡೆಯ ಮೇಲೆ ತಾಳ ಹಾಕುತ್ತ ಎಂಟು ಎಣಿಸಿ, ಒಂಬತ್ತಕ್ಕೆ ಕೈಯನ್ನು ಹೊರಗೆ ಬೀಸಿದರು. “ಸರಿಯಾಗಿ ನೋಡವ್ವಾ, ಇಲ್ಲಿ ಪೆಟ್ಟು ಇಲ್ಲ. ಆದರೆ ಈ ಚೀಜನ್ನು, ಈ ಹಾಡನ್ನು, ಎತ್ತಿಕೊಳ್ಳುವುದೇ ಇಲ್ಲಿಂದ” ಎಂದರು.

ಅಲ್ಲಿಗೆ ನಡುಪುಟ ನಿರ್ಧಾರವಾಯಿತು. ಎಂಟನೇ ಪುಟದಲ್ಲಿ ಗೆಳತಿ ಬರೆದ ಕುಂದಗೋಳದ ಲೇಖನ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿದ್ದ ಗುರು ಸವಾಯಿ ಗಂಧರ್ವರ ಬಳಿ ಪಾಠಕ್ಕೆ ಹೋಗುತ್ತಿದ್ದ ದಿನಗಳ ಕಥೆ ಅದು. ಒಂಬತ್ತನೇ ಪುಟದ ತುದಿಯಲ್ಲೊಂದು ಸೊನ್ನೆ, ತೀರ ಕೆಳಗೆ ಒಂದು ಸಾಲು ಸ್ವರಲಿಪಿ, ಉಳಿದದ್ದೆಲ್ಲ ಬಿಳಿ. ಅಷ್ಟು ಜಾಗ ಸುಮ್ಮನೆ ಬಿಡುವುದೇ, ಜಾಹೀರಾತಿಗೆ ಎಲ್ಲಿ ಹೋಗುತ್ತೀರಿ ಎಂದು ಮೇಡಂ ಕೇಳಿದರು. ಅವರು ಕೇಳಿದ್ದು ಸರಿಯೇ, ಹಣ ಹೊಂದಿಸಬೇಕಲ್ಲ. ಜಾಹೀರಾತನ್ನು ಹದಿನಾರನೇ ಪುಟಕ್ಕೆ ಕಳಿಸಿದೆವು. ಒಂಬತ್ತನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಮುಖಪುಟವೂ ಆ ನೋಟುಪುಸ್ತಕದಿಂದಲೇ ಎದ್ದು ಬಂತು. 1930ರ ದಶಕದ ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಗಂಗೂಬಾಯಿಯವರ ದನಿ ತೆಳುವಾಗಿ, ಎತ್ತರದಲ್ಲಿ ಕೇಳುತ್ತದೆ. ಆ ತಟ್ಟೆಗಳ ಮೇಲೆ ಅವರ ಹೆಸರು ‘ಗಾಂಧಾರಿ’ ಎಂದಿತ್ತು. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು, ದನಿ ಕೆಳಗಿಳಿದು ಗಡುಸಾಯಿತು. ಆ ಗಡುಸು ದನಿಯಲ್ಲೇ ಅವರು ದಶಕಗಳ ಕಾಲ ಹಾಡಿದರು. ಹೆಣ್ಣಿನ ಕಂಠ ಹೀಗಿರಬೇಕು ಎಂಬ ಕಲ್ಪನೆಯನ್ನೇ ಅದು ಕದಲಿಸಿತು. ಅಂಥ ದನಿಗೆ ಚಿತ್ರ ಯಾವುದು? ಪುಟದ ತುಂಬ ಒಂದೇ ಒಂದು ಕಪ್ಪು ‘ಸ’, ಅದರ ಕೆಳಗೆ ಒಂದು ಕೆಂಪು ಚುಕ್ಕೆ. ಮಂದ್ರ ಷಡ್ಜ.

ಹಾಕಲು ಹೋದಾಗ ಗೊತ್ತಾಯಿತು, ಚುಕ್ಕೆ ಸುಲಭದ ಮಾತಲ್ಲ. ಕಂಪ್ಯೂಟರಿನಲ್ಲಿ ಯೂನಿಕೋಡ್ ‘ಸ’ದ ಕೆಳಗೆ ಚುಕ್ಕೆ ಕೂರಿಸಿದರೆ ಅದು ಪಕ್ಕಕ್ಕೆ ಜಾರುತ್ತದೆ. ಫಾಂಟ್ ಬದಲಿಸಿದರೆ ಇನ್ನೊಂದು ಪಕ್ಕಕ್ಕೆ ಜಾರುತ್ತದೆ. ಶತಮಾನದಿಂದ ಸ್ವರಲಿಪಿ ಅಚ್ಚಾಗುತ್ತ ಬಂದ ಭಾಷೆಗೆ ಒಂದು ಚುಕ್ಕೆ ನೆಟ್ಟಗೆ ನಿಲ್ಲದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಕೊನೆಗೆ ಚುಕ್ಕೆಯನ್ನು ಬೇರೆಯಾಗಿಯೇ ಬಿಡಿಸಿ ಕೂರಿಸಿ, ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಸಂಜೆ ಮುದ್ರಣಾಲಯಕ್ಕೆ ಹೋದೆ.

ಅಲ್ಲಿ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಕಾಕಾ ಇಂದಿಗೂ ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶದಲ್ಲಿ ‘ನುಡಿ’ ಫಾಂಟಿನ ಅಕ್ಷರಗಳನ್ನು ಜೋಡಿಸುವವರು. ಅದಕ್ಕೆ ಯೂನಿಕೋಡ್ ತಿಳಿಯದು, ಹಾಗಾಗಿ ನಮ್ಮ ಯೂನಿಕೋಡ್ ಬರಹ ಅಲ್ಲಿ ಬರಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಸಾಲುಗಟ್ಟಿತು. ಎಲ್ಲವನ್ನೂ ಪರಿವರ್ತಿಸಿ, ಒಡೆದ ಒತ್ತುಗಳನ್ನು ಒಂದೊಂದಾಗಿ ಸರಿಪಡಿಸುವ ಹೊತ್ತಿಗೆ ದೀಪ ಹಚ್ಚುವ ಹೊತ್ತಾಗಿತ್ತು. ಮುಖಪುಟದ ಮೊದಲ ಪ್ರತಿ ತೆಗೆದುಕೊಟ್ಟರು. ‘ಸ’ ಇತ್ತು, ಚುಕ್ಕೆ ಇರಲಿಲ್ಲ.

“ಎಲ್ಲಿಂದಲೋ ಕಲೆ ಬಿದ್ದಿದೆ ಎಂದುಕೊಂಡು ಅಳಿಸಿದೆ ತಂಗೀ” ಎಂದರು ಕಾಕಾ.

ಚೀಲದಿಂದ ಅಜ್ಜಿಯ ನೋಟುಪುಸ್ತಕ ತೆಗೆದು ಆ ಪುಟ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು, ಕೆಂಪು ಚುಕ್ಕೆಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದರು. ಆಮೇಲೆ ಏನೂ ಹೇಳದೆ ಕುರ್ಚಿ ಎಳೆದುಕೊಂಡು ಕೂತು, ಚುಕ್ಕೆಯನ್ನು ಮರಳಿ ತಂದು ಮೊದಲಿಗಿಂತ ದೊಡ್ಡದು ಮಾಡಿದರು.

“ಇಲ್ಲಿ?”

“ಇನ್ನೂ ಕೆಳಗೆ, ಕಾಕಾ.”

ಅವರು ಅದನ್ನು ಪುಟದ ಅಂಚಿನ ಹತ್ತಿರಕ್ಕೆ ಇಳಿಸಿದರು. ಹಾಳೆ ಕತ್ತರಿಸುವಾಗ ಹೋದೀತೇ ಎಂದು ಅಳೆದು, ಎರಡು ಮಿಲಿಮೀಟರ್ ಮೇಲಕ್ಕೆ ತಂದು ನಿಲ್ಲಿಸಿದರು. ಕೆಂಪಿನ ಮಾದರಿ ನಾಳೆ ಹನ್ನೊಂದಕ್ಕೆ ಸಿಗುತ್ತದೆ. ಅಜ್ಜಿಯ ಶಾಯಿಗೆ ಹೊಂದಿಸಿ ನೋಡಬೇಕೆಂದು ನೋಟುಪುಸ್ತಕವನ್ನು ಅವರ ಬಳಿಯೇ ಬಿಟ್ಟು ಬಂದಿದ್ದೇನೆ.