ನಿನ್ನ ಬಗ್ಗೆ ಅಲ್ಲಮ್ಮ ಹೇಳಿದ್ದು

ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆಗೆ ಎರಡೂ ಮನೆಯವರು ಹಿಮದ ಬೆಟ್ಟದಲ್ಲಿ ಜಾರುವುದಕ್ಕೆ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಹೋಗೋಣ ಅಂತ ಒಪ್ಪಿಕೊಳ್ಳುವುದಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ತೊಡಕಾಗಿದ್ದು ಯಾವ ದಿನ ಯಾವ ಬೆಟ್ಟ ಅನ್ನುವಲ್ಲಿ. ಯಾರೂ ದನಿ ಏರಿಸಲಿಲ್ಲ ಬಿಡಿ. ನಮ್ಮ ಭಾವ ದನಿ ಏರಿಸುವವರೇ ಅಲ್ಲ. ನಗುನಗುತ್ತಲೇ ಒಂದು ಮಾತು ಹೇಳಿ ಫೋನ್ ಇಡುತ್ತಾರೆ. ಆಮೇಲೆ ಅದನ್ನು ಮೆಲುಕು ಹಾಕುತ್ತಾ ಕೂರುವ ಕೆಲಸ ನಮ್ಮದು.

ಆ ಊರನ್ನು ಆರಿಸಿದ್ದು ನಾನು. ಅಕ್ಕ, ಭಾವ ನ್ಯೂಜೆರ್ಸಿಯಲ್ಲಿದ್ದಾರೆ, ನಾವು ಟೆಕ್ಸಾಸ್‌ನಲ್ಲಿ. ಇಬ್ಬರಿಗೂ ನೇರ ವಿಮಾನ ಇದೆ. ಇಳಿದು, ಬಾಡಿಗೆ ಕಾರು ತಗೊಂಡು ಹೊರಟರೆ ದಾರಿ ಚೆನ್ನಾಗಿದ್ದ ದಿನ ಮುಕ್ಕಾಲು ಗಂಟೆಯಲ್ಲಿ ಬೆಟ್ಟ ಸಿಗುತ್ತದೆ. ಊರಲ್ಲೇ ಸಾಧಾರಣ ಹೋಟೆಲಿನಲ್ಲಿ ಉಳಿದುಕೊಂಡು ದಿನಕ್ಕೊಂದು ಕಡೆ ಹೋಗಿಬರಬಹುದು. ಲಿಟಲ್ ಕಾಟನ್‌ವುಡ್ ಕಣಿವೆಯ ತುದಿಯಲ್ಲಿ ಸ್ನೋಬರ್ಡ್ (ಬೋರ್ಡ್ ಅಲ್ಲ, ಬರ್ಡ್) ಮತ್ತು ಅದಕ್ಕೆ ಅಂಟಿಕೊಂಡೇ ಆಲ್ಟಾ. ಪಕ್ಕದ ಬಿಗ್ ಕಾಟನ್‌ವುಡ್ ಕಣಿವೆಯಲ್ಲಿ ಸಾಲಿಟ್ಯೂಡ್, ಬ್ರೈಟನ್. ಬೆಟ್ಟದ ಆ ಬದಿಗೆ ಪಾರ್ಕ್ ಸಿಟಿ, ಡಿಯರ್ ವ್ಯಾಲಿ. ಒಂದು ದೊಡ್ಡ ಊರಿಗೆ ಇಷ್ಟು ಹತ್ತಿರ ಇಷ್ಟೊಂದು ಸ್ಕೀ ಬೆಟ್ಟಗಳು ಇರುವುದರಿಂದಲೇ 2002ರಲ್ಲಿ ಚಳಿಗಾಲದ ಒಲಿಂಪಿಕ್ಸ್ ಅಲ್ಲಿ ನಡೆಯಿತು, 2034ರಲ್ಲಿ ಮತ್ತೆ ನಡೆಯಲಿದೆ.

ಜಗತ್ತಿನಲ್ಲೇ ಶ್ರೇಷ್ಠ ಹಿಮ ನಮ್ಮದು ಅಂತ ಯೂಟಾದವರು ಕಾರಿನ ನಂಬರ್ ಪ್ಲೇಟಿನ ಮೇಲೇ ಬರೆಸಿಕೊಂಡಿದ್ದಾರೆ. ಜಂಬ ಇದ್ದೇ ಇದೆ, ಆದರೆ ಪೂರ್ತಿ ಸುಳ್ಳಲ್ಲ. ಪೆಸಿಫಿಕ್ ಕಡೆಯಿಂದ ಬರುವ ಮೋಡಗಳು ನೆವಾಡಾದ ಬಯಲು ದಾಟುವಷ್ಟರಲ್ಲಿ ಸುಮಾರು ನೀರು ಕಳಕೊಂಡಿರುತ್ತವೆ. ಉಳಿದಿದ್ದನ್ನು ವಾಸಾಚ್ ಬೆಟ್ಟಸಾಲಿಗೆ ತಾಗಿ ಸುರಿಸುತ್ತವೆ. ಅದಕ್ಕೇ ಅಲ್ಲಿನ ಹಿಮ ಹಗುರ. ಆಲ್ಟಾದಲ್ಲಿ ಸರಾಸರಿ ಒಂದು ಚಳಿಗಾಲಕ್ಕೆ 500 ಇಂಚಿಗೂ ಜಾಸ್ತಿ ಬೀಳುತ್ತದೆ. 2022-23ರಲ್ಲಿ 900 ಇಂಚು ದಾಟಿತ್ತು.

ಈ ಅಂಕಿ ನನಗೆ ಬಾಯಿಪಾಠ ಆಗಿರುವುದು ಭಾವನಿಂದ. ಅವರು ಸ್ಕೀ ಕಲಿತಿದ್ದು ನಲವತ್ತು ದಾಟಿದ ಮೇಲೆ. ತಡವಾಗಿ ಕಲಿತವರ ಭಕ್ತಿಯೇ ಬೇರೆ. ಬೂಟಿಗೆ ಪಾದದ ಅಚ್ಚು ತೆಗೆಸಿ ಒಳಪದರ ಮಾಡಿಸಿಕೊಂಡಿದ್ದಾರೆ. ಆಲ್ಟಾ ಅಂದರೆ ಅವರಿಗೆ ಯಾತ್ರೆ. ಹಳೇ ಬೆಳ್ಳಿ ಗಣಿ ಊರು, 1939ರ ಜನವರಿಯಲ್ಲಿ ಮೊದಲ ಲಿಫ್ಟ್ (ಜನರನ್ನು ಬೆಟ್ಟ ಹತ್ತಿಸುವ ತೂಗುಕುರ್ಚಿ) ಓಡಿತು, ಇತ್ಯಾದಿ. ಶನಿವಾರ ಆಲ್ಟಾ ಅಂತ ನನ್ನ ಪಟ್ಟಿಯಲ್ಲಿ ಅವರೇ ಬರೆದಿದ್ದರು.

ಭಾನುವಾರ ರಾತ್ರಿ ವಿಡಿಯೋ ಕಾಲ್. ನನ್ನ ಮಗಳು ಹಿಂದೆ ಅಡುಗೆಮನೆಯ ನೆಲದಲ್ಲಿ ಕೂತು ತನ್ನ ಸ್ನೋಬೋರ್ಡಿನ (ಸ್ಕೀ ಅಂದರೆ ಕಾಲಿಗೊಂದು ಹಲಗೆ, ಇದು ಎರಡೂ ಕಾಲಿಗೆ ಸೇರಿ ಒಂದೇ) ಅಡಿಗೆ ಹಚ್ಚಿದ್ದ ಮೇಣವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆಯುತ್ತಿದ್ದಳು. ಟೆಕ್ಸಾಸ್‌ನಲ್ಲಿ ಇದು ಯಾತಕ್ಕೆ ಅಂತ ಕೇಳಬೇಡಿ, ಅವಳಿಗೆ ಹದಿನೇಳು ವರ್ಷ. ಹಿಮ ಇಲ್ಲದಿದ್ದರೂ ಬೋರ್ಡ್ ತಯಾರಿರಬೇಕು. ಸುರುಳಿ ಸುರುಳಿಯಾಗಿ ಮೇಣ ಬಿದ್ದು ನೆಲವೆಲ್ಲ ಜಿಡ್ಡು.

ನಾನು ಭಾವನಿಗೆ ಹೇಳಿದೆ, ಆಲ್ಟಾದಲ್ಲಿ ಸ್ನೋಬೋರ್ಡ್ ಬಿಡೋದಿಲ್ಲವಂತೆ. ಸ್ಕೀ ಮಾತ್ರ. ಡಿಯರ್ ವ್ಯಾಲಿಯೂ ಹಾಗೇ.

ಭಾವ ನಕ್ಕರು. "ಗೊತ್ತು. ಅದಕ್ಕೇ ನಂಗೆ ಅಲ್ಲಿ ಇಷ್ಟ. ಬೋರ್ಡ್‌ನವರ ಕಾಟ ಇರಲ್ಲ."

ಹೆರೆಯುವ ಸದ್ದು ನಿಂತಿತು. ಹಿಂದಿನಿಂದ ಮಗಳು, "ದೊಡ್ಡಪ್ಪ, ನಾನೂ ಬೋರ್ಡ್‌ನವಳೇ."

"ಅಯ್ಯೋ, ನಿನ್ನ ಬಗ್ಗೆ ಅಲ್ಲಮ್ಮ ಹೇಳಿದ್ದು!" ಮತ್ತೆ ನಗು. "ಒಂದು ದಿನ ತಾನೇ, ನೀನು ಅವತ್ತು ಬ್ರೈಟನ್‌ಗೆ ಹೋಗು, ಅಲ್ಲಿ ನಿನ್ನ ವಯಸ್ಸಿನವರು ಇರ್ತಾರೆ."

ಸ್ವಲ್ಪ ಹೊತ್ತು ಬಿಟ್ಟು ಹೆರೆಯುವ ಸದ್ದು ಮತ್ತೆ ಶುರುವಾಯಿತು. ನಾನು ಬಾಡಿಗೆ ಕಾರಿನ ವಿಷಯ ತೆಗೆದೆ.

ಅಷ್ಟೇ ನಡೆದಿದ್ದು. ಅಷ್ಟಕ್ಕೇ ಸೋಮವಾರದಿಂದ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಪಾತ್ರೆ ತೊಳೆಯುವಾಗ, ಸಿಗ್ನಲ್‌ನಲ್ಲಿ ನಿಂತಾಗ, "ನಿನ್ನ ಬಗ್ಗೆ ಅಲ್ಲಮ್ಮ ಹೇಳಿದ್ದು". ಹಾಗಾದರೆ ಯಾರ ಬಗ್ಗೆ?

ಈ ನಿಷೇಧದ ಕಥೆ ಏನು ಅಂತ ಹುಡುಕಿ ಓದಿದೆ. ಅಮೆರಿಕದಲ್ಲಿ ಈಗ ಸ್ನೋಬೋರ್ಡ್ ಬಿಡದ ಸ್ಕೀ ಬೆಟ್ಟಗಳು ಮೂರೇ. ಯೂಟಾದ ಇವೆರಡು, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ ಇನ್ನೊಂದು. ನನ್ನ ಮಗಳು ಬೋರ್ಡ್ ಕಲಿತ ನ್ಯೂ ಮೆಕ್ಸಿಕೋದ ಟಾವೋಸ್‌ನಲ್ಲೂ 2008ರವರೆಗೆ ಬಿಡುತ್ತಿರಲಿಲ್ಲವಂತೆ. ಎಂಬತ್ತರ ದಶಕದಲ್ಲಿ ಬಹುಪಾಲು ಕಡೆ ಇದೇ ಕಥೆ. ಆಮೇಲೆ ಹುಡುಗರ ದುಡ್ಡು ಬರತೊಡಗಿದ ಮೇಲೆ ಒಂದೊಂದೇ ಗೇಟು ತೆರೆಯಿತು. 1998ರಲ್ಲಿ ನಗಾನೋ ಒಲಿಂಪಿಕ್ಸ್‌ಗೂ ಸ್ನೋಬೋರ್ಡ್ ಬಂತು.

ತಮಾಷೆ ಅಂದರೆ ಈ ಬೋರ್ಡ್‌ನ ಅಪ್ಪ ಸ್ಕೀಯೇ. 1965ರ ಕ್ರಿಸ್‌ಮಸ್ ದಿನ ಮಿಷಿಗನ್‌ನಲ್ಲಿ ಶರ್ಮನ್ ಪೊಪ್ಪೆನ್ ಅನ್ನುವವರು ಹೆಣ್ಣುಮಕ್ಕಳ ಆಟಕ್ಕೆ ಅಂತ ಎರಡು ಸ್ಕೀಗಳನ್ನು ಅಕ್ಕಪಕ್ಕ ಜೋಡಿಸಿ ಕೊಟ್ಟರು. ಅದಕ್ಕೆ ಸ್ನರ್ಫರ್ ಅಂತ ಹೆಸರಾಯಿತು, ಅಲ್ಲಿಂದಲೇ ಇದೆಲ್ಲ ಬೆಳೆದಿದ್ದು. ಇದನ್ನು ಮಗಳಿಗೆ ಹೇಳಿದರೆ "ಗೊತ್ತಮ್ಮಾ" ಅಂದಳು, ನನಗೇನೂ ಗೊತ್ತಿಲ್ಲ ಅನ್ನುವ ದನಿಯಲ್ಲಿ.

ಇನ್ನು ಕೋರ್ಟಿನ ಕಥೆ. ಆಲ್ಟಾ ನಡೆಸುವುದು ಖಾಸಗಿ ಕಂಪನಿ, ಆದರೆ ಬೆಟ್ಟದ ಬಹುಭಾಗ ಸರ್ಕಾರದ ಅರಣ್ಯ ಇಲಾಖೆಯದು. ಅಂದರೆ ಎಲ್ಲರ ಜಾಗ. 2014ರಲ್ಲಿ ಕೆಲವು ಸ್ನೋಬೋರ್ಡ್‌ನವರು ಸಂವಿಧಾನದ 14ನೇ ತಿದ್ದುಪಡಿ ಹಿಡಿದು ದಾವೆ ಹೂಡಿದರು. ಸಮಾನತೆ ಎಲ್ಲಿ ಹೋಯಿತು ಅನ್ನುವುದು ಅವರ ಪ್ರಶ್ನೆ. ಬೋರ್ಡ್ ಒಂದು ನೆಪ, ನಮ್ಮಂಥ ಜನ ಬೇಡ ಅನ್ನುವುದೇ ಇದರ ಹಿಂದಿರುವುದು ಅಂತ ಅವರ ವಾದ. ಅದೇ ವರ್ಷ ಕೆಳಗಿನ ಕೋರ್ಟ್ ದಾವೆಯನ್ನು ವಜಾ ಮಾಡಿತು. 2016ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಿಷೇಧ ಕಂಪನಿಯ ತೀರ್ಮಾನ, ಸರ್ಕಾರದ್ದಲ್ಲ, ಹಾಗಾಗಿ ಸಂವಿಧಾನದ ಮಾತು ಇಲ್ಲಿ ಬರುವುದಿಲ್ಲ ಅಂತ.

ನನಗೆ ಕೇಳಿದರೆ ತೀರ್ಪು ಸರಿಯೇ. ಹಲಗೆ ಕಾಲಿಗೆ ಕಟ್ಟಿಕೊಂಡು ಇಳಿಯುವುದು ಮೂಲಭೂತ ಹಕ್ಕು ಅಂತ ಒಪ್ಪುವುದು ಕಷ್ಟ. ಕಂಪನಿಯ ಕಾರಣಗಳೂ ಪೂರ್ತಿ ಬುಡವಿಲ್ಲದವಲ್ಲ. ಬೋರ್ಡ್‌ನವರು ಅಡ್ಡಡ್ಡ ನಿಂತು ಇಳಿಯುತ್ತಾರೆ, ಬೆನ್ನಿನ ಬದಿಗೆ ಏನಿದೆ ಅಂತ ಬೇಗ ಕಾಣುವುದಿಲ್ಲ. ಆಲ್ಟಾದಲ್ಲಿ ಒಳ್ಳೆಯ ಇಳಿಜಾರು ಮುಟ್ಟಬೇಕಾದರೆ ಬೆಟ್ಟದ ಪಕ್ಕೆಯಲ್ಲೇ ಉದ್ದಕ್ಕೆ ಜಾರಿಕೊಂಡು ಹೋಗಬೇಕು. ಸ್ಕೀಯವರು ಕೈಯಲ್ಲಿರುವ ಕೋಲು ಊರಿಕೊಂಡು ಹೋಗುತ್ತಾರೆ. ಬೋರ್ಡ್‌ನವರು ವೇಗ ಕಳಕೊಂಡು ಅಲ್ಲೇ ನಿಲ್ಲುತ್ತಾರೆ, ಒಂದು ಕಾಲು ಬಿಚ್ಚಿ ತಳ್ಳಿಕೊಂಡು ಹೋಗಬೇಕು. ಲಿಫ್ಟ್ ಇಳಿದ ಕೂಡಲೇ ದಾರಿಯಲ್ಲೇ ಸಾಲಾಗಿ ಕೂತು ಪಟ್ಟಿ ಬಿಗಿಯುವ ಹುಡುಗರನ್ನು ನಾನೂ ನೋಡಿದ್ದೇನೆ, ಬೈದುಕೊಂಡಿದ್ದೇನೆ. ಹಾಗಂತ ಹಿಂದೆ ಮುಂದೆ ನೋಡದೆ ಬಾಣದ ಹಾಗೆ ನುಗ್ಗುವ ಸ್ಕೀಯವರೂ ಬೇಕಾದಷ್ಟಿದ್ದಾರೆ, ಅವರಿಗೆ ಯಾವ ಬೆಟ್ಟವೂ ಗೇಟು ಹಾಕಿಲ್ಲ.

ಹಾಗಾಗಿ ಆಲ್ಟಾದ ಮೇಲೆ ನನಗೆ ಕೋಪವಿಲ್ಲ. ನಿಯಮ ಇದೆ, ಬರೆದು ಹಾಕಿದ್ದಾರೆ, ಬೇಡ ಅಂದರೆ ಬೇರೆ ಕಡೆ ಹೋಗಬಹುದು. ನನ್ನನ್ನು ಚುಚ್ಚಿದ್ದು ಆ "ಕಾಟ". ಒಬ್ಬರು ಬರದಂತೆ ಗೇಟು ಹಾಕಿರುವುದು ಒಂದು ಅನನುಕೂಲ ಅಂತ ನಾನು ಹೇಳಿದರೆ, ಭಾವನಿಗೆ ಅದೇ ಆ ಜಾಗದ ರುಚಿ. ಎದುರಿಗೆ ಕೂತ ಹುಡುಗಿಯನ್ನು ಮಾತ್ರ ಅದರಿಂದ ಹೊರಗೆ ತೆಗೆದುಬಿಟ್ಟರೆ ಮಾತು ಸರಿಹೋಯಿತು ಅಂತ ಅವರ ಲೆಕ್ಕ.

ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಹಿಂದೊಂದು ಕಡೆ ಕೆಲಸ ಮಾಡುವಾಗ ಮಧ್ಯಾಹ್ನ ಊಟಕ್ಕೆ ಜೊತೆಗೆ ಕೂರುತ್ತಿದ್ದ ಹಿರಿಯರೊಬ್ಬರಿದ್ದರು. ನಿಜವಾಗಿ ಒಳ್ಳೆಯವರು, ಮಗಳು ಹುಟ್ಟಿದಾಗ ಮನೆಗೆ ಊಟ ಕಳಿಸಿದವರು. ಒಂದು ದಿನ ವೀಸಾ ಮೇಲೆ ಬಂದವರು ಹೇಗೆ ಎಲ್ಲ ಹಾಳು ಮಾಡಿದರು ಅಂತ ಮಾತು ತೆಗೆದರು. ಮಧ್ಯದಲ್ಲಿ ನನ್ನ ಮುಖ ಕಂಡಿತು. ನಿನ್ನ ಬಗ್ಗೆ ಅಲ್ಲ ನಾನು ಹೇಳ್ತಿರೋದು, ಅಂದರು. ನಾನು ನಕ್ಕೆ. ನಗದೆ ಇನ್ನೇನು ಮಾಡುವುದು? ಆ ಮಾತಿಗೆ ಎರಡೇ ಉತ್ತರ. ನಕ್ಕು ಅವರ ಕಡೆಗೆ ಸೇರಿಕೊಳ್ಳಬೇಕು, ಇಲ್ಲಾ ನಮ್ಮವರ ಪರ ನಿಂತು ಊಟ ಕೆಡಿಸಬೇಕು. ಹೇಳಿದವರು ಆರಾಮಾಗಿ ಊಟ ಮುಗಿಸುತ್ತಾರೆ. ಕೇಳಿದವರು ಆಮೇಲೆ ಅವರೆದುರು ಸ್ವಲ್ಪ ಜಾಸ್ತಿ ನೆಟ್ಟಗೆ, ಜಾಸ್ತಿ ಒಳ್ಳೆಯವರಾಗಿ ಇರತೊಡಗುತ್ತಾರೆ. ಕೊಟ್ಟ ವಿನಾಯಿತಿ ಕೈಬಿಟ್ಟು ಹೋಗಬಾರದಲ್ಲ.

ಭಾವ ನನಗಿಂತ ಎಷ್ಟೋ ವರ್ಷ ಮೊದಲು ಅದೇ ವೀಸಾ ಮೇಲೆ ಬಂದವರು. ಅವರಿಗೆ ಈ ಮಾತು ನನಗಿಂತ ಜಾಸ್ತಿ ಸಲ ಬಿದ್ದಿರಬೇಕು. ಆದರೂ ಬೆಟ್ಟದ ಮೇಲೆ ನಿಂತ ಕೂಡಲೇ ಅವರಿಗೆ ಇನ್ನೊಬ್ಬರು "ಕಾಟ". ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಅವಳು, "ಸುಮ್ನಿರೇ, ಆಟದ ವಿಷಯಕ್ಕೆ ಎಲ್ಲಿಂದ ಎಲ್ಲಿಗೆ ಹೋಗ್ತೀಯ" ಅಂದಳು. ಅಕ್ಕ ಸ್ಕೀ ಮಾಡುವುದಿಲ್ಲ. ಲಾಡ್ಜಿನಲ್ಲಿ ಕಾಫಿ ಹಿಡಿದು ಕೂರುತ್ತಾಳೆ, ನಮ್ಮೆಲ್ಲರಿಗಿಂತ ಸುಖವಾಗಿ. ಗಂಡನ ಮಾತುಗಳ ಪೈಕಿ ಯಾವುದನ್ನು ಕೇಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವ ಅಭ್ಯಾಸ ಅವಳಿಗೆ ಆಗಿದೆ.

ಭಾವ ಕೆಟ್ಟವರು ಅಂತ ಓದಿಕೊಳ್ಳಬೇಡಿ. ನನ್ನ ಗಂಡನಿಗೆ ಹಸಿರು (ಅಂದರೆ ಹೊಸದಾಗಿ ಕಲಿಯುವವರ) ಇಳಿಜಾರಿನಲ್ಲಿ ಒಂದು ಇಡೀ ದಿನ ಜೊತೆಗಿದ್ದು, ಬಿದ್ದಾಗೆಲ್ಲ ಎತ್ತಿ, ಒಂದು ಸಲವೂ ಗಡಿಯಾರ ನೋಡದೆ ಕಲಿಸಿದವರು ಅವರೇ. ಅವರಿಗೆ ಇಷ್ಟವಾದ ಕಡಿದಾದ ಇಳಿಜಾರು ಮೇಲೆ ಕಾಣುತ್ತಲೇ ಇತ್ತು.

ಇತ್ತ ಪಟ್ಟಿಯ ಕೆಲಸ ನಿಲ್ಲುವ ಹಾಗಿಲ್ಲ. ಆ ವಾರಾಂತ್ಯಕ್ಕೆ ದಿನದ ಟಿಕೆಟ್ ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಪಾರ್ಕ್ ಸಿಟಿಯಂಥ ಕಡೆ ರಜೆಯ ದಿನ ಕೌಂಟರಿನಲ್ಲಿ ಒಬ್ಬರಿಗೆ 300 ಡಾಲರ್ ದಾಟುತ್ತದೆ, ಮೊದಲೇ ತಗೊಂಡರೆ ಸ್ವಲ್ಪ ಉಳಿತಾಯ. ಕಾರಿನದು ಬೇರೆ ಕಥೆ. ಹಿಮ ಬೀಳುವಾಗ ಕಾಟನ್‌ವುಡ್ ಕಣಿವೆಗಳಿಗೆ ಹೋಗಬೇಕಾದರೆ ಟೈರು ಹಿಮಕ್ಕೆ ತಕ್ಕದ್ದಿರಬೇಕು, ಇಲ್ಲಾ ಚಕ್ರಕ್ಕೆ ಸರಪಳಿ ಇರಬೇಕು, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಇದ್ದರೆ ಇನ್ನೂ ಒಳ್ಳೆಯದು. ಬಾಡಿಗೆ ಕೌಂಟರಿನವರು ಕಾರಿನ ಬಣ್ಣ ಹೇಳುತ್ತಾರೆ, ಟೈರು ಯಾವುದು ಅಂದರೆ ಹೋಲ್ಡ್‌ನಲ್ಲಿ ಇಡುತ್ತಾರೆ. ಇಲ್ಲದಿದ್ದರೆ ಸ್ಕೀ ಬಸ್ ಇದೆ. ಲಿಟಲ್ ಕಾಟನ್‌ವುಡ್ ದಾರಿಯ ಮೇಲೆ ಹಿಮ ಕುಸಿಯುವ ಜಾಡುಗಳು ಅರವತ್ತಕ್ಕೂ ಹೆಚ್ಚು. ಜೋರಾಗಿ ಬಿದ್ದರೆ ದಾರಿ ಮುಚ್ಚಿ, ಸ್ಫೋಟಿಸಿ ಹಿಮ ಉರುಳಿಸಿ, ಆಮೇಲೆ ಬಿಡುತ್ತಾರೆ. ಆಲ್ಟಾದಲ್ಲಿ ಇದ್ದವರು ಆ ಹೊತ್ತಿನಲ್ಲಿ ಕಟ್ಟಡದಿಂದ ಕಾಲು ಹೊರಗಿಡುವಂತಿಲ್ಲ, ಕಾನೂನೇ ಹಾಗಿದೆ. ಸಾಲ್ಟ್ ಲೇಕ್ ಸಿಟಿ ಇರುವುದು ಸುಮಾರು 4,200 ಅಡಿ ಎತ್ತರದಲ್ಲಿ, ಆಲ್ಟಾದ ಬುಡವೇ 8,500 ಅಡಿ. ಮೊದಲ ದಿನ ಎಲ್ಲರಿಗೂ ತಲೆನೋವು ಗ್ಯಾರಂಟಿ ಅಂತ ಅದನ್ನೂ ಬರೆದಿಟ್ಟೆ.

ಬುಧವಾರ ನಾನು ಶನಿವಾರದ ಸಾಲಿನಲ್ಲಿ ಆಲ್ಟಾ ಅಳಿಸಿ ಸ್ನೋಬರ್ಡ್ ಅಂತ ಹಾಕಿದೆ. ಯಾರನ್ನೂ ಕೇಳಲಿಲ್ಲ. ಎಲ್ಲರೂ ಒಟ್ಟಿಗೆ ಹೋಗುವ ದಿನ ಎಲ್ಲರನ್ನೂ ಬಿಡುವ ಜಾಗಕ್ಕೇ ಹೋಗುವುದು, ಅಷ್ಟೇ ನಿಯಮ ಅಂತ ಕೆಳಗೆ ಬರೆದೆ.

ಅರ್ಧ ಗಂಟೆಯಲ್ಲಿ ಭಾವನ ಮೆಸೇಜು. ಸ್ನೋಬರ್ಡ್ ಆಗಬಹುದು, ಆದರೆ ಎರಡೂ ಬೆಟ್ಟ ಸೇರಿದ ಟಿಕೆಟ್ ಸಿಗುತ್ತೆ ನೋಡು, ಸ್ನೋಬರ್ಡ್‌ನ ಹಿಂಬದಿಯ ಮಿನರಲ್ ಬೇಸಿನ್‌ನಿಂದ ಲಿಫ್ಟ್ ಹತ್ತಿದರೆ ಆಲ್ಟಾದ ಗಡಿ, ನಾನೊಬ್ಬ ಎರಡು ಗಂಟೆ ಹೋಗಿಬರ್ತೀನಿ. ಆ ಗಡಿಯಲ್ಲಿ ಗೇಟು ಇದೆ, ಸ್ಕೀ ಇದ್ದವರನ್ನು ಮಾತ್ರ ದಾಟಿಸುತ್ತಾರೆ.

ಮಗಳಿಗೆ ತೋರಿಸಿದೆ. ಓದಿ, ಗುಂಪಿನಲ್ಲೇ ಉತ್ತರ ಹಾಕಿದಳು. "ಗೇಟ್ ತನಕ ನಾನೂ ಬರ್ತೀನಿ ದೊಡ್ಡಪ್ಪ."

ಇದು ಪ್ರೀತಿಯೋ, ಕುಟುಕೋ ನನಗೆ ತಿಳಿಯಲಿಲ್ಲ. ಅವಳನ್ನು ಕೇಳಿದರೆ ಭುಜ ಹಾರಿಸಿ ಹೋದಳು. ಭಾವ ಹೆಬ್ಬೆಟ್ಟಿನ ಚಿತ್ರ ಹಾಕಿದರು. ಅಕ್ಕ ಒಂದು ಕಾಫಿ ಲೋಟದ ಚಿತ್ರ.

ಟಿಕೆಟ್ ತಗೊಂಡಾಯಿತು. ಎಲ್ಲರಿಗೂ ಸ್ನೋಬರ್ಡ್, ಭಾವನಿಗೆ ಮಾತ್ರ ಎರಡೂ ಕಡೆಯದು, ಜಾಸ್ತಿ ದುಡ್ಡು ಅವರದೇ ಕಾರ್ಡಿನಿಂದ. ಇವತ್ತು ಬೆಳಿಗ್ಗೆ ಅವರದು ಮತ್ತೊಂದು ಮೆಸೇಜು ಬಂದಿದೆ. ಆಲ್ಟಾದಿಂದ ವಾಪಸ್ ಬರೋ ಗೇಟ್ ಎಷ್ಟು ಗಂಟೆಗೆ ಮುಚ್ಚುತ್ತೆ, ಸ್ವಲ್ಪ ವಿಚಾರಿಸಿ ಹೇಳು.