ಬುರ್ರ್ ಅನ್ನುವ ಜಾಗ

2025 ಮಾರ್ಚ್ 12, ಬುಧವಾರ
ಪೆರ್ಲ

ಕೈಗೆ ಗುಜ್ಜೆಯ, ಅಂದರೆ ಎಳೆ ಹಲಸಿನ, ಮೇಣ ಅಂಟಿದೆ. ತೆಂಗಿನೆಣ್ಣೆ ಹಾಕಿ ತಿಕ್ಕಿದರೂ ಬೆರಳ ಸಂದಿಯಲ್ಲಿ ಉಳಿದುಬಿಟ್ಟಿದೆ, ಕೀ ಒತ್ತಿದಾಗೆಲ್ಲ ಅಂಟು ಅಂಟು. ಗುಜ್ಜೆ ಕೊಟ್ಟದ್ದು ಅಣ್ಣುವಿನ ಅಮ್ಮ. ಅಣ್ಣು ಅಂದರೆ ಅವನ ನಿಜವಾದ ಹೆಸರಲ್ಲ, ಇಲ್ಲಿ ಬರೆಯಲಿಕ್ಕೆ ನಾನು ಇಟ್ಟದ್ದು. ಕಾಸರಗೋಡಿನ ನಮ್ಮ ಕಡೆಯ ವಿಶೇಷ ಮಕ್ಕಳ ಶಾಲೆಯಲ್ಲಿ ನಾನು ಹಾಡು ಹೇಳಿಸುವವರಲ್ಲಿ ಒಬ್ಬ, ಮಾತು ಬಾರದವ. ಹಳೆಯ ಓದುಗರಿಗೆ ಗೊತ್ತುಂಟು.

ಅವನನ್ನು ಮೊದಲ ಸಲ ನಗಿಸಿದ ನನ್ನ ಹೆಲಿಕಾಪ್ಟರ್ ಪದ್ಯದ ಬಗ್ಗೆ ಕಳೆದ ತಿಂಗಳು ಇಲ್ಲಿ ದೊಡ್ಡ ಜಂಬದಲ್ಲಿ ಬರೆದಿದ್ದೆ. ಆ ಜಂಬ ಇವತ್ತು ಇಳಿಯಿತು.

ಪದ್ಯ ನಾನೇ ಕಟ್ಟಿದ್ದು. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಧಾಟಿಗೆ ಕಟ್ಟಿದ ನೋಟುಸ್ವರಗಳ ಹಾಗೆ ಶಂಕರಾಭರಣ ರಾಗದಲ್ಲಿ, ಗಮಕ ಗಿಮಕ ಏನೂ ಇಲ್ಲದೆ, ಬ್ಯಾಂಡಿನವರು ನುಡಿಸಿದ ಹಾಗೆ ಚಪ್ಪಟೆ ಧಾಟಿ:

ಹೆಲಿಕಾಪ್ಟರು ಬಂತಜ್ಜನ ತೋಟಕೆ
ತಲೆ ಮುಟ್ಟಾಳೆಯು ಹಾರಿತು ಮೋಡಕೆ
ಅಜ್ಜನ ತಲೆಯೋ ಬರಿಬರಿ ಬೋಳು...

(ಮುಟ್ಟಾಳೆ ಅಂದರೆ ಅಡಿಕೆ ಹಾಳೆಯ ಟೊಪ್ಪಿ.) ಇಲ್ಲಿ ನಿಲ್ಲಿಸಬೇಕು. ಹಾರ್ಮೋನಿಯಂ ಬಿಡಬೇಕು, ಕೈ ಮೇಲೆತ್ತಿ ಸುಮ್ಮನಿರಬೇಕು. ಮಕ್ಕಳು ತುಟಿ ಅದುರಿಸಿ 'ಬುರ್ರ್' ಅನ್ನಬೇಕು. ಅಷ್ಟೇ ಪದ್ಯ. ಸಂಗೀತ ಚಿಕಿತ್ಸೆ ಅಂತ ದೊಡ್ಡ ಹೆಸರು ಇಟ್ಟುಕೊಂಡು ನಾನು ಮಾಡುವ ಕೆಲಸದಲ್ಲಿ ಅರ್ಧ ಪಾಲು ಈ ಸುಮ್ಮನಿರುವುದೇ. ಸಾಲಿನ ಕೊನೆ ಖಾಲಿ ಬಿಟ್ಟರೆ ಗೊತ್ತಿರುವ ಹಾಡನ್ನು ಮನಸ್ಸು ಅರ್ಧಕ್ಕೆ ಬಿಡಲಾರದು, ಏನಾದರೂ ತುಂಬಿಯೇ ತುಂಬುತ್ತದೆ. ಮಾತು ಬಾರದವರಿಗೆ ಶಬ್ದ ಸಾಕು. ತುಟಿ ಅದುರಿಸುವುದಕ್ಕೆ ಉಸಿರು ಉದ್ದ ಬೇಕು, ತುಟಿ ಹಿಡಿತದಲ್ಲಿರಬೇಕು. ಕಸರತ್ತು ಅಂತ ಮಾಡಿಸಿದರೆ ಯಾರೂ ಮಾಡುವುದಿಲ್ಲ, ಬೋಳು ತಲೆಗೆ ಮಾಡುತ್ತಾರೆ.

ಅಣ್ಣುವಿಗೆ ಇಪ್ಪತ್ತಾರು. ಅವನಿಗೆ ಮಕ್ಕಳ ಪದ್ಯ ಯಾಕೆ ಅಂತ ನನಗೂ ಕಸಿವಿಸಿ ಇತ್ತು. ಮೀಸೆ ಬಂದವನ ಎದುರು ಕೂತು ಅಂಗನವಾಡಿ ಧಾಟಿಯಲ್ಲಿ ಹಾಡುವುದು ಮರ್ಯಾದೆ ಅಲ್ಲ. ಸಿನೆಮಾ ಹಾಡು ಹೇಳಿದೆ, ಗೋಡೆಗೆ ತಿರುಗಿದ. ಭಜನೆ ಹೇಳಿದೆ, ನಿದ್ದೆ. ಚೆಂಡೆ ತಂದೆ, ಎರಡೂ ಕಿವಿ ಮುಚ್ಚಿದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿ ಚೆಂಡೆ ಆಗದವ! ಕೊನೆಗೆ ಈ ಹೆಲಿಕಾಪ್ಟರಿಗೆ, ಆರು ತಿಂಗಳಲ್ಲಿ ಮೊದಲ ಸಲ, ಮುಖ ಮೇಲೆತ್ತಿ, ಬಾಯಿ ತುಂಬ ಜೊಲ್ಲು ಹಾರಿಸಿ, ಬುರ್ರ್. ಆಮೇಲೆ ನಗು. ನಗು ಅಂದರೆ ಬೆಂಚು ಅಲ್ಲಾಡುವಂಥದ್ದು. ಅವತ್ತು ಮನೆಗೆ ಬಂದು ಅತ್ತೆಯ ಎದುರು ನಾನೂ ಮೂರು ಸಲ ಬುರ್ರ್ ಅಂದು ತೋರಿಸಿದ್ದೆ.

ಇವತ್ತು ಮುಗಿಸಿ ಹೊರಗೆ ಬಂದರೆ ಅಣ್ಣುವಿನ ಅಮ್ಮ ಜಗಲಿಯಲ್ಲಿ ನಿಂತಿದ್ದರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. "ಎಳೆ ಗುಜ್ಜೆ ಟೀಚರೇ, ಪಲ್ಯಕ್ಕೆ ಲಾಯ್ಕ ಆಗ್ತದೆ."

"ಯಾಕಕ್ಕ ಇದೆಲ್ಲ."

"ಇರಲಿ. ಮತ್ತೆ ಒಂದು ಕೇಳ್ಲಿಕ್ಕುಂಟು. ಬೇಜಾರ ಮಾಡ್ಬೇಡಿ." ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ಆ ಹೆಲಿಕಾಪ್ಟರಿಂದು ಬಿಟ್ಟು ಬೇರೆ ಪದ್ಯ ಇಲ್ವ ನಿಮ್ಮತ್ರ?"

ನನಗೆ ಆಗಲೂ ತಲೆಗೆ ಹೋಗಲಿಲ್ಲ ನೋಡಿ. ವಯಸ್ಸಿನ ಮಾತೇ ಇರಬೇಕು ಅಂದುಕೊಂಡು, ನಗು ಬರಿಸುವ ಪದ್ಯದ ಪ್ರಯೋಜನದ ಬಗ್ಗೆ ಭಾಷಣವನ್ನೇ ಬಿಗಿದೆ. ಪಾಲ್ ನಾರ್ಡಾಫ್, ಕ್ಲೈವ್ ರಾಬಿನ್ಸ್ ಅಂತ ಇಬ್ಬರಿದ್ದರು, ಒಬ್ಬ ಅಮೆರಿಕದ ಸಂಗೀತಗಾರ, ಇನ್ನೊಬ್ಬ ಇಂಗ್ಲೆಂಡಿನ ಮೇಷ್ಟ್ರು, 1959ರಲ್ಲಿ ಇಂಥದೇ ಒಂದು ಶಾಲೆಯಲ್ಲಿ ಜೊತೆ ಸೇರಿದರು, ಮಗು ಕಿರಿಚಿದರೆ ಆ ಕಿರಿಚಾಟಕ್ಕೇ ಪಿಯಾನೋ ನುಡಿಸುತ್ತಿದ್ದರು, ಅಂತೆಲ್ಲ. ಅವರು ಪೂರ್ತಿ ಕೇಳಿದರು. ಇಲ್ಲಿಯ ಅಮ್ಮಂದಿರಿಗೆ ಕೇಳಿ ಅಭ್ಯಾಸ. ಡಾಕ್ಟರರು, ಆಫೀಸಿನವರು, ಕ್ಯಾಮರಾ ಹಿಡಿದುಕೊಂಡು ಬಂದವರು, ಎಲ್ಲರ ಭಾಷಣವನ್ನೂ ಕೇಳಿದ್ದಾರೆ. ಈಗ ಪದ್ಯದ ಟೀಚರಿನದ್ದೂ ಆಯಿತು.

ಆಮೇಲೆ ಹೇಳಿದರು. "ನಾವು ಸಣ್ಣದಿರುವಾಗ ಬರ್ತಿತ್ತಲ್ಲ. ಗೇರು ಗುಡ್ಡೆಗೆ ಮದ್ದು ಬಿಡ್ಲಿಕ್ಕೆ. ಬಾವಿಗೆ ತೆಂಗಿನ ಮಡಲು ಮುಚ್ಚಿ ಅಂತ ಹೇಳ್ತಿದ್ದರು. ಅಮ್ಮ ಮಡಲು ಎಳೀತಿದ್ದರೆ ನಾವು ಮಕ್ಕಳೆಲ್ಲ ಅಂಗಳಕ್ಕೆ ಓಡುವುದು. ಇಷ್ಟು ಕೆಳಗೆ ಬರ್ತಿತ್ತು ಟೀಚರೇ. ನಾವು ಕೈ ಬೀಸುವುದು. ಮಂಜಿನ ಹಾಗೆ ಬೀಳ್ತಿತ್ತು ಮೈಮೇಲೆ." ಸ್ವಲ್ಪ ಹೊತ್ತು ಬಿಟ್ಟು, "ನಮಗೆ ಭಾರೀ ಖುಷಿ."

ಈ ಊರಿಗೆ ಮದುವೆಯಾಗಿ ಬಂದು ಒಂಬತ್ತು ವರ್ಷ ಆಯಿತು ನನಗೆ. ಆ ಕೀಟನಾಶಕದ ಹೆಸರು ಎಂಡೋಸಲ್ಫಾನ್, ಇಲ್ಲಿಯ ಮಕ್ಕಳು ಹೀಗಿರುವುದಕ್ಕೆ ಅದೇ ಕಾರಣ ಅನ್ನುತ್ತಾರೆ. ಅದು ಅಂದರೆ ಏನು ಅಂತ ಪೆರ್ಲದಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಬಿಟ್ಟರು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಬೇಡ ಅಂದಿತು, ಇದೆಲ್ಲ ನನಗೆ ಬಾಯಿಪಾಠ. ಬಾಯಿಪಾಠ ಮಾತ್ರ. ಪದ್ಯ ಕಟ್ಟುವಾಗ ನನಗೆ ಬೇಕಿದ್ದದ್ದು ತುಟಿ ಅದುರಿಸುವ ಒಂದು ವಸ್ತು, ಕೈಗೆ ಸಿಕ್ಕಿದ್ದು ಹೆಲಿಕಾಪ್ಟರ್. ಅಜ್ಜನ ತೋಟ ಅಂತ ಬೇರೆ ಹಾಕಿದೆ, ಪುಣ್ಯಾತ್ಗಿತ್ತಿ. ಗೇರು ತೋಟ ಅನ್ನಲಿಲ್ಲ ಅಷ್ಟೇ. ಅಷ್ಟು ತಿಂಗಳು ಆ ಹೆಂಗಸು ಕಿಟಕಿಯಾಚೆ ಕೂತು ಬೀಡಿ ಕಟ್ಟುತ್ತಾ ಇದನ್ನೇ ಕೇಳಿಸಿಕೊಂಡಿದ್ದಾರೆ.

"ನಾಡಿದ್ದಿನಿಂದ ಬೇಡ ಅಕ್ಕ, ತೆಗೆದೇ ಬಿಡ್ತೇನೆ" ಅಂದೆ.

ಅದಕ್ಕೆ ಅವರು ಗಾಬರಿಯಾದರು. "ತೆಗೀಬೇಡಿ, ತೆಗೀಬೇಡಿ! ಅವ ನಗುವುದು ಅದೊಂದಕ್ಕೇ ಅಲ್ವ. ಮನೆಯಲ್ಲೂ ಬುರ್ರ್ ಅಂತಾನೆ, ಗಂಜಿ ತಿನ್ನುವಾಗ. ಎಲ್ಲ ನನ್ನ ಮುಖಕ್ಕೆ." ನಕ್ಕರು. "ಬೇರೆ ಉಂಟಾ ಕೇಳಿದ್ದು ಅಷ್ಟೇ. ಇಲ್ಲದಿದ್ದರೆ ಅದನ್ನೇ ಹಾಡಿ. ನಾನು ಆ ಹೊತ್ತಿಗೆ ಅಂಗಡಿ ಹತ್ತಿರ ಹೋಗಿ ಬರ್ತೇನೆ."

ಗುಜ್ಜೆ ಕೈಗಿಟ್ಟು, ಮಗನ ಶರ್ಟಿನ ಕಾಲರು ಸರಿಮಾಡಿ, ಜೀಪು ಹತ್ತಿಸಿಕೊಂಡು ಹೋದರು.

ನಡುವೆ ಕರೆಂಟು ಹೋಗಿತ್ತು, ಈಗ ಬಂತು. ಅತ್ತೆ ಗುಜ್ಜೆ ಹೆಚ್ಚುತ್ತಾ "ಇಷ್ಟು ಎಳತ್ತು ನಮ್ಮ ಮರದಲ್ಲಿಲ್ಲ" ಅಂತ ಎರಡು ಸಲ ಹೇಳಿದರು.

ಸಂಜೆಯಿಂದ ಒಂದೇ ಲೆಕ್ಕ. ಅವನನ್ನು ನಗಿಸುವುದು ಹೆಲಿಕಾಪ್ಟರೋ, ಅಲ್ಲ ನಾನು ನಿಲ್ಲಿಸುವ ಆ ಜಾಗವೋ? ಯಕ್ಷಗಾನದ ಹಾಸ್ಯಗಾರ ರಂಗಸ್ಥಳಕ್ಕೆ ಬಂದು ಏನೂ ಮಾತಾಡದೆ ಸುಮ್ಮನೆ ನಿಂತರೂ ಸಾಕು, ಎದುರಿನ ಸಾಲಿನಿಂದಲೇ ನಗು ಶುರುವಾಗುತ್ತದೆ. ಅಣ್ಣುವೂ ಹಾಗೆ ಕಾಯುವುದಕ್ಕೇ ನಗುವವನಾದರೆ ವಾಹನ ಯಾವುದಾದರೇನು? ಬದಲಾಯಿಸಿದರಾಯಿತು. 'ಜೀಪು ಬಂತು' ಅಂತ ಹಾಡಿ ನೋಡಿದೆ, ಮೂರು ಮೂರು ಮಾತ್ರೆ, ಧಾಟಿ ಕುಂಟುತ್ತದೆ. ಹೆಲಿಕಾ, ಪ್ಟರುಬಂ, ನಾಲ್ಕು ನಾಲ್ಕು. ಆಟೋ, ರಿಕ್ಷಾ. ನಾಲ್ಕು ನಾಲ್ಕು! ಕೂತಿತು. 'ಆಟೋರಿಕ್ಷಾ ಬಂದಿತು ತೋಟಕೆ.' ಅಡಿಕೆ ತೋಟದೊಳಗೆ ಆಟೋ ಯಾಕೆ ಬಂತು ಅಂತ ಅತ್ತೆ ಕೇಳಿದರು. ತಲೆಹರಟೆ.

ಆದರೆ ಅವನು ಮೇಲೆ ನೋಡುತ್ತಾನಲ್ಲ. ಬುರ್ರ್ ಅನ್ನುವ ಮೊದಲು ಪ್ರತಿ ಸಲವೂ ಮುಖ ಮೇಲೆತ್ತುತ್ತಾನೆ. ಆಟೋ ಮೇಲಿನಿಂದ ಬರುವುದಿಲ್ಲ. ಹೆಲಿಕಾಪ್ಟರನ್ನಾದರೂ ಅವನು ಎಲ್ಲಿ ಕಂಡಿದ್ದಾನೆ? ಮದ್ದು ಬಿಡುವುದು ನಿಂತಾಗ ಅವನಿಗೆ ಒಂದು ವರ್ಷ. ಅವನ ತಲೆಯ ಮೇಲೆ ಇರುವುದು ಫ್ಯಾನು, ಆ ಹಳೇ ಫ್ಯಾನು, ತಿರುಗುವಾಗ ಟಕ ಟಕ ಅನ್ನುವಂಥದ್ದು.

ಹೋದ ಬುಧವಾರ ಬೆಳಗ್ಗೆಯಿಂದ ಕರೆಂಟೇ ಇರಲಿಲ್ಲ. ಪದ್ಯ ಹಾಡಿದ್ದೆ, ಅದು ನೆನಪುಂಟು. ಅವನು ಅವತ್ತು ನಕ್ಕಿದ್ದನಾ